ದೊಡ್ಡಮ್ಮ ಮಡಕೆ ನೋಡಲು ಹೋದದ್ದು
ಊರಲ್ಲಿ ಯಾವ ಪ್ರದರ್ಶನ ನಡೆದರೂ ದೊಡ್ಡಮ್ಮ ಮೊದಲ ದಿನವೇ ಹಾಜರು. ಚಿತ್ರವಾಗಲಿ ಶಿಲ್ಪವಾಗಲಿ, ಅವಳು ಕೇಳುವುದು ಒಂದೇ ಪ್ರಶ್ನೆ: "ಇದು ಯಾತಕ್ಕೆ ಬರುತ್ತೆ?" ಜೊತೆಗೆ ಹೋಗಿ ನಾಚಿ ನೀರಾಗುವುದು ತಂಗಿಯ ಮಗಳ ಪಾಲಿನ ಕೆಲಸ. ಆಫ್ರಿಕಾದ ಕುಂಬಾರಿಕೆಯಿಂದ ಪ್ರೇರಣೆ ಪಡೆದು ಮಾಡಿದ ಮಡಕೆಗಳ ಪ್ರದರ್ಶನಕ್ಕೂ ಇಬ್ಬರೂ ಹೋದರು. ದೊಡ್ಡಮ್ಮ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಕೆಂಪು ಹೂಜಿ ಎರಡು ಸೇರು ಹಿಡಿಯುತ್ತದೆಂದು ತೀರ್ಪು ಕೊಟ್ಟಳು, ಉದ್ದ ಕತ್ತಿನದನ್ನು ಕಂಡು "ಇದನ್ನ ತೊಳೆಯೋರು ಯಾರಪ್ಪಾ?" ಎಂದು ಮರುಗಿದಳು; ದುಂಡು ತಳದ್ದಕ್ಕೆ "ಒಂದು ಕಡೆ ನೆಟ್ಟಗೆ ಕೂರಲ್ಲ, ನಮ್ಮ ಯಜಮಾನರ ಹಾಗೆ" ಎಂದಳು. ಮುಟ್ಟಬೇಡಿ ಎಂಬ ಫಲಕವನ್ನು ಉಳಿದವರಿಗೆಲ್ಲ ಜೋರಾಗಿ ಓದಿ ಹೇಳಿ, ತಾನು ಮಾತ್ರ ಮುಟ್ಟುತ್ತಲೇ ಹೋದಳು. ಮಡಕೆಗಳನ್ನು ಮಾಡಿದ ಕಲಾವಿದೆ ನಗುತ್ತ ಬಂದು, ಸೊಂಟದೆತ್ತರದ ಕರಿ ಮಡಕೆಯೊಂದನ್ನು ತೋರಿಸಿದಳು. "ಇದಕ್ಕೆ ಕುಂಬಾರರ ತಿಗರಿ ಚಕ್ರ ಬಳಸಿಲ್ಲಮ್ಮ. ಮಣ್ಣಿನ ಸುರುಳಿ ಒಂದರ ಮೇಲೊಂದು ಸುತ್ತಿ, ಕಲ್ಲಿನಲ್ಲಿ ಉಜ್ಜಿ ನುಣುಪು ಮಾಡಿದ್ದು. ಒಳಗೆ ಮಾತಾಡಿ ನೋಡಿ, ಮರುದನಿ ಕೊಡುತ್ತೆ." ದೊಡ್ಡಮ್ಮ ಅತ್ತಿತ್ತ ನೋಡಿ ಬಗ್ಗಿದಳು. ಏನಾದರೂ ತಮಾಷೆ ಮಾಡುತ್ತಾಳೆಂದು ಕಾದಿದ್ದ ತಂಗಿಯ ಮಗಳಿಗೆ ಕೇಳಿಸಿದ್ದು ದೊಡ್ಡಮ್ಮನದೇ ಹೆಸರು. ಅವಳು ಮನೆಗೂ ಬೀದಿಗೂ ದೊಡ್ಡಮ್ಮನಾದ ಮೇಲೆ ಕಾಗದಪತ್ರಗಳಲ್ಲಷ್ಟೇ ಉಳಿದಿದ್ದ ಹೆಸರು ಅದು. ಮಡಕೆ ಅದನ್ನು ತುಂಬುದನಿಯಲ್ಲಿ ತಿರುಗಿ ಕೂಗಿತು. ದೊಡ್ಡಮ್ಮನ ಮುಖ ಅರಳಿತು. "ಓ, ಬಂದೇ!" ಎಂದು ಓಗೊಟ್ಟು ಕಿಲಕಿಲ ನಕ್ಕು, ಇನ್ನೊಮ್ಮೆ ಕರೆಸಿಕೊಳ್ಳಲು ಮತ್ತೆ ಬಗ್ಗಿದಳು.