ಅಣ್ಣನಿಗೆ ಸಿಗದ ಒಂದು ಸುತ್ತು

ನನ್ನ ಸಿಟ್ಟಿನ ವಿಷಯ ಮನೆಯವರೆಲ್ಲರಿಗೂ ಗೊತ್ತು. ಬರುವಾಗ ಹೇಳಿ ಬರುವುದಿಲ್ಲ, ಹೋಗುವಾಗ ಏನನ್ನಾದರೂ ಮುರಿಯದೆ ಹೋಗುವುದಿಲ್ಲ. ಎರಡು ವರ್ಷದ ಹಿಂದೆ, ಪುಣೆಯ ಹೊರಗಿನ ಕಾರ್ ರೇಸಿನ ಟ್ರ್ಯಾಕಿನಲ್ಲಿ ಅದು ಮುರಿದದ್ದನ್ನು ಇವತ್ತಿಗೂ ನನಗೆ ಜೋಡಿಸಲು ಆಗಿಲ್ಲ.

ಪುಣೆಯ ನಿಗಡಿಯಲ್ಲಿ ನಮ್ಮದು ಗಾಡಿಗಳ ಮುಂದಿನ ಗಾಜು ಮಾರುವ ಅಂಗಡಿ. ವಿಜಯಪುರದ ಕಡೆಯಿಂದ ಬಂದ ಅಪ್ಪ ಹಾಕಿದ್ದು. ನಾನು ಗಲ್ಲಾಪೆಟ್ಟಿಗೆಯ ಮುಂದೆ ಕೂತೆ, ನನಗಿಂತ ಹನ್ನೊಂದು ವರ್ಷ ದೊಡ್ಡವನಾದ ಅಣ್ಣ ಟೆಂಪೋ ಓಡಿಸಿದ. ಮೂವತ್ತು ವರ್ಷ ಅವನ ಬೆನ್ನ ಹಿಂದೆ ಗಾಜು ಇತ್ತು. ಹೀಗಾಗಿ ಮೂವತ್ತು ವರ್ಷ ಅವನು ನಲವತ್ತು ಕಿಲೋಮೀಟರಿನ ಮೇಲೆ ಹೋಗಲಿಲ್ಲ. ಹಿಂದಿನಿಂದ ಹಾರ್ನ್ ಹೊಡೆದು ಬೈದು ಹೋದವರಿಗೆಲ್ಲ ಕೈ ಮಾಡಿ ದಾರಿ ಬಿಟ್ಟ. ನನಗೆ ಗಾಡಿ ಕಲಿಸಿದವನೂ ಅವನೇ. "ಗಾಡಿ ನಿಂತ್ರ ಮೊದಲ ಹ್ಯಾಂಡ್‌ಬ್ರೇಕ್ ಎಳಿ, ಆಮ್ಯಾಲ ಉಸಿರು ಬಿಡು" ಎನ್ನುತ್ತಿದ್ದ. ಇಳಿಜಾರಿನಲ್ಲಿ ಟೆಂಪೋ ಒಂದು ಗೇಣು ಜಾರಿದರೂ ಒಳಗಿನ ಮಾಲು ಹೋಯಿತೆಂದೇ ಲೆಕ್ಕ.

ಐವತ್ತು ಹತ್ತಿರವಾದಾಗ ನನಗೆ ವೇಗದ ಹುಚ್ಚು ಹಿಡಿಯಿತು. ಯಾರೋ ಬಳಸಿ ಬಿಟ್ಟ ಎರಡು ಸೀಟಿನ ಸ್ಪೋರ್ಟ್ಸ್ ಕಾರು ತಂದು ಮನೆ ಮುಂದೆ ನಿಲ್ಲಿಸಿದೆ. ಅಣ್ಣನ ಹೆಂಡತಿ ಬಾಗಿಲಲ್ಲಿ ನಿಂತು, "ಅರವತ್ತಕ್ಕ ಅರಳು ಮರಳು ಅಂತಾರ, ನಿಮಗ ಐವತ್ತಕ್ಕ ಬಂತ ನೋಡ್ರಿ. ಮೊದಲ ಜೇಜುರಿ ದೇವರಿಗೆ ಒಯ್ದು ಅರಿಷಿಣದ ಭಂಡಾರ ಹಾಕಿಸ್ಕೊಂಡ ಬರ್ರಿ" ಎಂದರು. ಅಣ್ಣ ನಗಲಿಲ್ಲ. ಕಾರಿನ ಸುತ್ತ ಎರಡು ಸಲ ಬಂದ. ಮುಂದಿನ ಗಾಜಿನ ಮೇಲೆ ಅಂಗೈ ಇಟ್ಟು, "ಭಾಳ ಛಲೋ ಮಾಲ ಅದ" ಎಂದ.

ಆ ಹೊತ್ತಿಗೆ ಸಕ್ಕರೆ ಕಾಯಿಲೆ ಅವನ ಒಂದು ಕಣ್ಣನ್ನು ತಿಂದಿತ್ತು. ಇನ್ನೊಂದು ಕೆಲವು ತಿಂಗಳು ತಡೆದರೆ ಹೆಚ್ಚು ಎಂದು ಡಾಕ್ಟರ್ ಹೇಳಿದ್ದರು. ಟ್ರ್ಯಾಕಿನಲ್ಲಿ ಭಾನುವಾರ ಕೊನೆಯ ಅರ್ಧ ಗಂಟೆ ಚಾಲಕರು ತಮ್ಮ ಜೊತೆ ಒಬ್ಬರನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಬಹುದು ಎಂದು ನಾನೇ ಅವನಿಗೆ ಹೇಳಿದ್ದೆ.

"ನನ್ನ ಕೂಡಿಸ್ಕೋತೀಯೇನು?" ಎಂದು ಕೇಳಿದ. "ಕಣ್ಣಿರೂತನಕ ಒಮ್ಮೆ ಜೋರ್ ಹೋಗಿ ನೋಡಬೇಕೋ ತಮ್ಮಾ. ಹಿಂದ ಗಾಜ್ ಇಲ್ಲದ."

ಜೀವಮಾನದಲ್ಲಿ ಅವನು ನನ್ನಿಂದ ಕೇಳಿದ್ದು ಅದೊಂದೇ. ಪಕ್ಕದಲ್ಲಿ ಕೂರುವವರಿಗೂ ಬೂಟು ಕಡ್ಡಾಯ ಎಂದದ್ದಕ್ಕೆ, ಹುಟ್ಟಿದಾಗಿನಿಂದ ಚಪ್ಪಲಿ ಬಿಟ್ಟರೆ ಬೇರೇನೂ ಹಾಕದವನು ಕ್ಯಾನ್ವಾಸ್ ಬೂಟು ಕೊಂಡು, ವಾರವಿಡೀ ಮಾಳಿಗೆಯ ಮೇಲೆ ನಡೆದು ರೂಢಿ ಮಾಡಿಕೊಂಡ.

ಶನಿವಾರ ನಾನೊಬ್ಬನೇ ಹೋದೆ. ಅಂದು ಪಾಠ. ಯಾವ ಬಾವುಟಕ್ಕೆ ಏನರ್ಥ, ತಿರುವಿನಲ್ಲಿ ಎಲ್ಲಿ ಬ್ರೇಕ್ ಒತ್ತಬೇಕು ಎಲ್ಲ ಹೇಳಿಕೊಟ್ಟರು. ಎರಡು ಮಾತನ್ನು ಮಾತ್ರ ಸಂಜೆಯವರೆಗೂ ಕುಟ್ಟಿ ಕುಟ್ಟಿ ಹೇಳಿದರು. ಜೋರಾಗಿ ಓಡಿಸಿದ ಮೇಲೆ ಒಂದು ಸುತ್ತು ನಿಧಾನ ಬಂದು ಬ್ರೇಕ್ ಆರಿಸಬೇಕು. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬಾರದು, ಕಾದ ಬ್ರೇಕ್ ಹಿಡಿದುಕೊಂಡು ಕೆಡುತ್ತದೆ; ಗೇರಿನಲ್ಲಿ ಬಿಡಬೇಕು. ಈ ಎರಡನೆಯದನ್ನು ಮನೆಗೆ ಹೋಗಿ ಅಣ್ಣನಿಗೆ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಭಾನುವಾರ ರೊಟ್ಟಿ, ಶೇಂಗಾ ಹಿಂಡಿಯ ಡಬ್ಬಿ ಹಿಡಿದು ಅಣ್ಣ ನನ್ನ ಜೊತೆ ಬಂದ. ಬೆಳಗಿನಿಂದ ತಗಡಿನ ಶೆಡ್ಡಿನ ನೆರಳಲ್ಲಿ ಕೂತು, ನಾನು ಹೋದಾಗಲೆಲ್ಲ ಕೈ ಬೀಸಿದನಂತೆ. ನಾನು ಒಮ್ಮೆಯೂ ಅತ್ತ ನೋಡಲಿಲ್ಲ. ಮಗರಪಟ್ಟಾದಲ್ಲಿ ಐಟಿ ಕೆಲಸ ಮಾಡುವ ಒಬ್ಬ ನನಗಿಂತ ಅರ್ಧ ಸೆಕೆಂಡ್ ಮುಂದಿದ್ದ. ಆ ಅರ್ಧ ಸೆಕೆಂಡ್ ನನ್ನ ತಲೆಯೊಳಗೆ ಕೂತುಬಿಟ್ಟಿತ್ತು. ಊಟದ ಹೊತ್ತಿಗೆ ಅಣ್ಣ ರೊಟ್ಟಿ ಮುರಿದು ಕೈಗೆ ಕೊಡುತ್ತ, "ನಮ್ಮ ಪಾಳಿ ಎಷ್ಟಕ್ಕ?" ಎಂದು ಮೂರನೇ ಸಲ ಕೇಳಿದಾಗ, "ಬರ್ತದ, ತಡಿ" ಎಂದು ಗದರಿದೆ.

ಮಧ್ಯಾಹ್ನದ ಕೊನೆಯ ಓಟ ಮುಗಿದು ನಿಧಾನ ಸುತ್ತಿಗೆ ಬಾವುಟ ಬಿತ್ತು. ನಾನು ನಿಧಾನ ಮಾಡಲಿಲ್ಲ. ಇನ್ನೊಂದು ಸುತ್ತು ಜೋರಾಗಿಯೇ ಹೊಡೆದೆ. ನೇರ ಒಳಗೆ ಬಂದು ಕಾರು ನಿಲ್ಲಿಸಿದವನು, ಗೇರಿಗೆ ಹಾಕುವುದನ್ನೂ ಮರೆತು, ಸಮಯ ಬರೆದ ಬೋರ್ಡಿನ ಕಡೆ ಓಡಿದೆ. ಆ ಅರ್ಧ ಸೆಕೆಂಡೂ ಸಿಕ್ಕಿರಲಿಲ್ಲ.

ತಿರುಗಿ ಬಂದಾಗ ಅಣ್ಣ ಹೆಲ್ಮೆಟ್ ಹಾಕಿಕೊಂಡು ಎಡಗಡೆಯ ಸೀಟಿನಲ್ಲಿ ಕೂತಾಗಿತ್ತು. ಕಾರಿನ ಕೆಳಗಿನಿಂದ ಹೊಗೆ ಬರುತ್ತಿತ್ತು, ಸುಟ್ಟ ವಾಸನೆ. ಟ್ರ್ಯಾಕಿನ ಮೇಲ್ವಿಚಾರಕ ಓಡಿ ಬಂದು ಬ್ರೇಕ್ ಒತ್ತಿ ನೋಡಿದ. ಪೆಡಲ್ ನೆಲಕ್ಕೆ ಹೋಯಿತು. ಈ ಗಾಡಿ ಇವತ್ತು ಇನ್ನು ಓಡುವ ಹಾಗಿಲ್ಲ ಎಂದ. ಆಗ ನನ್ನ ಕಣ್ಣು ಮೇಲೆದ್ದು ನಿಂತ ಹ್ಯಾಂಡ್‌ಬ್ರೇಕಿನ ಮೇಲೆ ಬಿತ್ತು.

"ಗಾಡಿ ಮುಂದ ಜರಗಾಕತ್ತಿತ್ತೋ, ಅದಕ್ಕ ಎಳದೆ" ಎಂದ ಅಣ್ಣ.

ನಾವು ಅಣ್ಣತಮ್ಮಂದಿರು ಹುಟ್ಟಿದ್ದು ಬೆಳೆದದ್ದು ಪುಣೆಯಲ್ಲೇ ಆದರೂ ಪರಸ್ಪರ ಒಂದು ಮಾತೂ ಮರಾಠಿಯಲ್ಲಿ ಆಡಿದವರಲ್ಲ. ಆವತ್ತು ಆಡಿದೆ. "ತುಲಾ ಕೋಣಿ ಸಾಂಗಿತಲಂ ಹಾತ ಲಾವಾಯಲಾ?" ಎಂದು ಕಿರುಚಿದೆ. ಕೈ ಹಚ್ಚಲು ನಿನಗೆ ಯಾರು ಹೇಳಿದರು ಎಂದು. ಅಷ್ಟಕ್ಕೇ ಬಿಡಲಿಲ್ಲ. ಜನ್ಮವಿಡೀ ಟೆಂಪೋ ಓಡಿಸಿದವನಿಗೆ ಇಂಥ ಗಾಡಿ ಹೇಗೆ ತಿಳಿಯಬೇಕು ಎಂದೂ ಅಂದೆ. ಸುತ್ತ ಇಪ್ಪತ್ತು ಮೂವತ್ತು ಜನ ನಿಂತಿದ್ದರು. ಅಣ್ಣ ಕೆಳಗಿಳಿದ. ಹೆಲ್ಮೆಟ್ಟಿನ ಕೊಂಡಿ ಅವನ ಕೈಗೆ ಸಿಗಲೊಲ್ಲದು, ತಡಕಾಡಿದ. ನಾನು ಸಹಾಯ ಮಾಡಲಿಲ್ಲ. ಕೊನೆಗೆ ಮೇಲ್ವಿಚಾರಕನೇ ಬಿಚ್ಚಿದ. ಅವನಿಗೆ ಅಣ್ಣ ಕೈ ಮುಗಿದು, ಮರಾಠಿಯಲ್ಲೇ, ನನ್ನದೇ ತಪ್ಪು ಎಂದ. ಕಾರನ್ನು ಎಳೆದು ತಂದ ಲಾರಿಯ ಮುಂದಿನ ಸೀಟಿನಲ್ಲಿ ಇಬ್ಬರೂ ಮನೆಗೆ ಬಂದೆವು.

ಬುಧವಾರ ಗ್ಯಾರೇಜಿನ ಮೇಸ್ತ್ರಿ ಚಕ್ರ ಬಿಚ್ಚಿ ತೋರಿಸಿದ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು, ಅವು ಸರಿಯಾಗಿಯೇ ಇದ್ದವು. ಸುಟ್ಟದ್ದು ಮುಂದಿನವು. ಕಾವಿಗೆ ಬ್ರೇಕಿನ ಎಣ್ಣೆ ಕುದಿದುಹೋಗಿತ್ತು. "ಕೊನೆಯ ಸುತ್ತು ನಿಧಾನ ಬರಲಿಲ್ಲವೇ?" ಎಂದು ಕೇಳಿದ. ಅಣ್ಣ ಹ್ಯಾಂಡ್‌ಬ್ರೇಕ್ ಎಳೆಯದಿದ್ದರೆ ಕಾರು ಇಳಿಜಾರಿನಲ್ಲಿ ಉರುಳಿ ಮುಂದೆ ನಿಂತಿದ್ದ ಯಾರದೋ ಕಾರಿಗೆ ಬಡಿಯುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲಕ್ಕೂ ಅನ್ನಲಿಲ್ಲ, ಕುಣಿಯಲು ಕಲಿಸಿದವನಿಗೇ ಅಂದೆ.

ಆವತ್ತೇ ಹೋಗಿ ಹೇಳಬೇಕಿತ್ತು. ಒಂದು ಮಹಡಿ ಮೇಲೆ ಹತ್ತಿದರೆ ಅಣ್ಣನ ಮನೆ. ನಾಚಿಕೆಯಾಯಿತು, ನಾಳೆ ಎಂದೆ. ನಾಳೆ ನಾಳೆ ಎನ್ನುತ್ತಲೇ ಮಳೆಗಾಲದಲ್ಲಿ ಅವನ ಎರಡನೇ ಕಣ್ಣೂ ಹೋಯಿತು. ಮದುವೆ ಮುಂಜಿಗಳಲ್ಲಿ ಯಾರಾದರೂ ನನ್ನ ಕಾರಿನ ಸುದ್ದಿ ತೆಗೆದರೆ ಅಣ್ಣ ನಗುತ್ತ, "ನನ್ನ ಕೈಯಾಗ ಅದು ಕೆಟ್ಟಿತ್ರಿ" ಎನ್ನುತ್ತಿದ್ದ. ನಾನು ಪಕ್ಕದಲ್ಲಿ ಚಹಾದ ಕಪ್ಪು ಹಿಡಿದು ನಿಂತಿರುತ್ತಿದ್ದೆ. ಇನ್ನೊಮ್ಮೆ ಟ್ರ್ಯಾಕಿಗೆ ಹೋಗೋಣ ಎಂದು ಒಂದು ಸಲ ಕರೆದೆ. "ಬ್ಯಾಡೋ ತಮ್ಮಾ. ನೋಡಾಕ ಏನ ಉಳದೈತಿ?" ಎಂದ.

ಹೋದ ತಿಂಗಳು ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ, ಕಾರಿನಲ್ಲಿ ನಾವಿಬ್ಬರೇ ಇದ್ದಾಗ, ಎಲ್ಲ ಹೇಳಿದೆ. ನಾನು ಬಿಟ್ಟ ನಿಧಾನ ಸುತ್ತು, ಮೇಸ್ತ್ರಿ ಹೇಳಿದ ಮಾತು, ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದದ್ದು.

ಅಣ್ಣ ಸಿಟ್ಟಿಲ್ಲದೆ ಹೇಳಿದ.

"ಬೈಯೂವಾಗ ಮರಾಠಿಯೊಳಗ ಬೈದಿ, ಎಲ್ಲಾರಿಗೂ ತಿಳೀಲಿ ಅಂತ. ತಪ್ಪ ಒಪ್ಕೊಳ್ಳೂವಾಗ ಕನ್ನಡದಾಗ ಹೇಳಾಕತ್ತಿ, ನನಗೊಬ್ಬಂಗ."

ಈಗ ಮರಾಠಿಯಲ್ಲಿ ಹೇಳಬೇಕೆಂದರೂ ಯಾರಿಗೆ ಹೇಳಲಿ? ಆವತ್ತು ಅಲ್ಲಿ ನಿಂತು ಕೇಳಿದವರಲ್ಲಿ ಒಬ್ಬರ ಹೆಸರೂ ನನಗೆ ಗೊತ್ತಿಲ್ಲ.