ಸಿನಿಮಾದಲ್ಲಿ ಇಲ್ಲದ ಐಸ್‌ಕ್ರೀಂ ಕಡ್ಡಿ

ಮೊನ್ನೆ ಪೀಣ್ಯದಲ್ಲಿ ಮೆಟ್ರೊ ಹತ್ತಿದ ಹೆಂಗಸೊಬ್ಬಳು ನನ್ನ ಪಕ್ಕ ಬಂದು ಕೂತಳು. ಕೈ ಚೆನ್ನಾಗಿ ತೊಳೆದುಕೊಂಡಿದ್ದಳು, ಸೋಪಿನ ವಾಸನೆ ಬರುತ್ತಿತ್ತು. ಅದರ ಹಿಂದೆಯೇ ಮೆಷಿನ್ ಆಯಿಲ್‌ನ ವಾಸನೆ. ಅದು ಯಾವ ಸೋಪಿಗೂ ಹೋಗುವುದಿಲ್ಲ. ಹನ್ನೊಂದು ವರ್ಷ ಅದೇ ವಾಸನೆಯ ಕೈಯಲ್ಲಿ ಅನ್ನ ಕಲಸಿ ತಿಂದವಳು ನಾನು, ನನಗೆ ಗೊತ್ತಾಗದೆ ಇರುತ್ತದೆಯೇ? ಅಕ್ಕ ನೆನಪಾದಳು... ನಾನು ಇಳಿಯಬೇಕಾದ ಸ್ಟೇಷನ್ ದಾಟಿಹೋಯಿತು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ರಾಜಗೋಪಾಲನಗರದ ವಠಾರದಲ್ಲಿ ನಮ್ಮ ಎದುರು ಮನೆಯವಳು. ಆನೇಕಲ್ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದವಳು. ಇಬ್ಬರಿಗೂ ಒಂದೇ ಶೆಡ್ಡಿನಲ್ಲಿ ಕೆಲಸ. ಅವಳು ಪ್ರೆಸ್ ಮೆಷಿನ್ನಿನಲ್ಲಿ ತಗಡಿನ ಬಿಲ್ಲೆ ಒತ್ತುತ್ತಿದ್ದಳು, ನಾನು ಅವನ್ನು ಅಳತೆ ನೋಡಿ ಆರಿಸುತ್ತಿದ್ದೆ.

ಆ ಮೆಷಿನ್ನಿಗೆ ಎರಡು ಬಟನ್. ಎರಡೂ ಕೈಯಿಂದ ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಕೆಳಗಿಳಿಯಬೇಕು. ಹಾಗಾದಾಗ ಕೈ ಒಳಗೆ ಸಿಕ್ಕಿಕೊಳ್ಳುವ ಮಾತೇ ಇಲ್ಲ. ಆದರೆ ಕೆಲಸ ನಿಧಾನ. ಅದಕ್ಕೇ ನಮ್ಮ ಸೂಪರ್‌ವೈಸರ್ ಒಂದು ಬಟನ್ ಒತ್ತಿಹಿಡಿದು, ಅದು ಮೇಲೇಳದಂತೆ ಸಂದಿಗೆ ಐಸ್‌ಕ್ರೀಂ ಕಡ್ಡಿ ತುರುಕುತ್ತಿದ್ದ. ಆಮೇಲೆ ಒಂದು ಕೈಯಲ್ಲಿ ಒತ್ತುವುದು, ಇನ್ನೊಂದರಲ್ಲಿ ತಗಡು ತಳ್ಳುವುದು. ಶನಿವಾರ ಅವನೇ ಎಲ್ಲರಿಗೂ ಐಸ್‌ಕ್ರೀಂ ಕೊಡಿಸುತ್ತಿದ್ದ. ನಾವು ಚೀಪಿ, ಕಡ್ಡಿ ತೊಳೆದು, ಅವನ ಡಬ್ಬಿಗೆ ಹಾಕುತ್ತಿದ್ದೆವು. ನಗುತ್ತಾ ಹಾಕುತ್ತಿದ್ದೆವು.

ಒಂದು ಮಧ್ಯಾಹ್ನ, ಊಟದ ಬೆಲ್ಲಿಗೆ ಸ್ವಲ್ಪ ಮುಂಚೆ, ಅಕ್ಕನ ಬಲಗೈಯ ಮೂರು ಬೆರಳು ಹೋದವು. ಜನರೆಲ್ಲ ಅವಳನ್ನು ಎತ್ತಿಕೊಂಡು ಗೇಟಿನ ಕಡೆ ಓಡುವಾಗ ಸೂಪರ್‌ವೈಸರ್ ಆ ಕಡ್ಡಿ ಕಿತ್ತು ಜೇಬಿಗೆ ಹಾಕಿಕೊಂಡ. ನಾನು ನೋಡಿದೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವಳದೇ ಅಜಾಗರೂಕತೆ ಎಂದು ಬರೆದುಕೊಂಡರು. ಗಾಯ ಮಾಗಿದ ಮೇಲೆ ಅದೇ ಶೆಡ್ಡಿನಲ್ಲಿ ಕಸ ಗುಡಿಸುವ ಕೆಲಸ ಕೊಟ್ಟು, ಅದನ್ನೇ ದೊಡ್ಡ ಉಪಕಾರ ಎಂಬಂತೆ ಹೇಳಿಕೊಂಡು ತಿರುಗಿದರು.

ನಮ್ಮ ಹಿಂದಿನ ರಸ್ತೆಯಲ್ಲಿ ರಿಟೈರ್ ಆದ ಮೇಷ್ಟ್ರೊಬ್ಬರಿದ್ದರು, ಕತೆ ಬರೆಯುವವರು. ಎಷ್ಟೋ ಸಂಜೆ ಅಕ್ಕನ ಮನೆಯಲ್ಲಿ ಕೂತು, ಕಾಫಿ ಕುಡಿದು, ಎಲ್ಲ ಕೇಳಿಕೊಂಡರು. ಕಡ್ಡಿ ಜೇಬಿಗೆ ಹೋದದ್ದನ್ನು ಅವರಿಗೆ ನಾನೇ ಹೇಳಿದೆ. ಕಾದಂಬರಿ ಬಂತು. ಅಕ್ಕನಿಗೆ ಓದಲು ಬರುತ್ತಿರಲಿಲ್ಲ. ವಠಾರದ ಮೆಟ್ಟಿಲ ಮೇಲೆ ಕೂತು ನಾನೇ ಓದಿ ಹೇಳಿದೆ. ಕಡ್ಡಿಯ ಬಗ್ಗೆ ಒಂದು ಇಡೀ ಅಧ್ಯಾಯವಿತ್ತು. ಐಸ್‌ಕ್ರೀಮಿನ ಶನಿವಾರ, ಡಬ್ಬಿ, ನಮ್ಮ ನಗು, ಕೊನೆಗೆ ಆ ಜೇಬು...

"ಇನ್ನೊಂದ್ಸಲ ಓದೇ," ಎಂದಳು ಅಕ್ಕ. ನಾಲ್ಕು ಸಲ ಓದಿಸಿದಳು. ಆಮೇಲೆ, "ಅಂಗೇ ಆಗಿದ್ದು ಕಣೆ. ನಂದೇನೂ ತಪ್ಪಿಲ್ಲ ಅಂತ ಬುಕ್ಕಲ್ಲೇ ಬರ್ದವ್ರೆ ನೋಡು," ಎಂದು ಪುಸ್ತಕ ತೆಗೆದುಕೊಂಡು ದೇವರ ಫೋಟೊ ಪಕ್ಕ ಇಟ್ಟಳು.

ನಮ್ಮ ಏರಿಯಾದಲ್ಲಿ ಆ ಕಾದಂಬರಿ ಓದಿದವಳು ನಾನೊಬ್ಬಳೇ ಇರಬೇಕು. ಸಿನಿಮಾ ಆದಾಗ ಮಾತ್ರ ಎಲ್ಲರೂ ನೋಡಿದರು.

ಶೂಟಿಂಗಿನವರು ಪೀಣ್ಯದಲ್ಲೇ ಒಂದು ಖಾಲಿ ಶೆಡ್ ಹಿಡಿದಿದ್ದರು. ಹೀರೊಯಿನ್ನಿಗೆ ಮೆಷಿನ್ ಮುಂದೆ ನಿಲ್ಲುವುದನ್ನು ಕಲಿಸಲು ನನ್ನನ್ನು ಕರೆದರು. ಡೈರೆಕ್ಟರ್ ಕುರ್ಚಿ ಕೊಟ್ಟು, "ಕೂತ್ಕೊಳಿ ಮೇಡಂ" ಎಂದರು. ಹುಟ್ಟಿದಾಗಿನಿಂದ ನನ್ನನ್ನು ಯಾರೂ ಮೇಡಂ ಅಂದಿರಲಿಲ್ಲ. ಅಷ್ಟಕ್ಕೇ ಉಬ್ಬಿಹೋದೆ.

"ಲೇಡೀಸು ಕೆಲ್ಸದಲ್ಲಿ ಮೊಬೈಲ್ ನೋಡ್ತಾರಾ ಮೇಡಂ?" ಎಂದು ಕೇಳಿದರು.

"ಅಯ್ಯೋ, ನೋಡ್ದೆ ಬಿಡ್ತಾರಾ ಸಾರ್! ಗೇಟಲ್ಲಿ ಸೆಕ್ಯೂರಿಟಿ ಫೋನ್ ಇಸ್ಕೊಂಡ್ರೂ, ಕೆಲವ್ರು ಊಟದ ಬ್ಯಾಗಲ್ಲಿ ಬಚ್ಚಿಟ್ಕೊಂಡು ತರ್ತಾರೆ," ಎಂದು ಕಿಸಿಕಿಸಿ ನಕ್ಕೆ. ಬೆರಳು ಹೋದ ದಿನ ಅಕ್ಕನ ಫೋನು ಗೇಟಿನ ಟ್ರೇಯಲ್ಲೇ ಇತ್ತು. ಅದನ್ನು ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಡೈರೆಕ್ಟರ್ ಏನೋ ಬರೆದುಕೊಂಡರು.

ಸಿನಿಮಾಕ್ಕೆ ಮೂವರೂ ಹೋದೆವು, ಅಕ್ಕ, ನಾನು, ಐದನೇ ಕ್ಲಾಸಿನಲ್ಲಿದ್ದ ಅವಳ ಮಗಳು. ಕಾದಂಬರಿಯ ಹೆಂಗಸಿಗೆ ಬೆನ್ನುನೋವು, ಅಳುವ ಕೂಸು, ಸಿಡುಕುವ ಗಂಡ. ಸಿನಿಮಾದವಳಿಗೆ ಪ್ರೆಸ್ಸುಗಳ ನಡುವೆ ಒಂದು ಡ್ಯೂಯೆಟ್ಟು. ಕಾದಂಬರಿಯಲ್ಲಿ ಕಡ್ಡಿ ತುರುಕಿದ ಸೂಪರ್‌ವೈಸರ್ ಇಲ್ಲಿ ಅವಳನ್ನು ಎತ್ತಿಕೊಂಡು ಓಡುವ ದೇವರಂಥ ಮನುಷ್ಯ. ಇನ್ನು ಆ ಅಧ್ಯಾಯ? ಅವಳು ಪ್ರಿಯಕರನ ಮೆಸೇಜ್ ನೋಡಿ ನಗುತ್ತಾಳೆ, ಪ್ರೆಸ್ ಇಳಿಯುತ್ತದೆ, ರಕ್ತ ಸಿಡಿದ ಮೊಬೈಲಿನ ಮೇಲೆ ಇಂಟರ್‌ವಲ್. ಕಡ್ಡಿ ಇಡೀ ಸಿನಿಮಾದಲ್ಲಿ ಎಲ್ಲೂ ಇಲ್ಲ. ಹಿಂದಿನ ಸೀಟಿನವನು, "ಬೇಕು ಇವಳಿಗೆ" ಅಂದ. ಪಾಪ್‌ಕಾರ್ನ್ ಬೇಕಾ ಎಂದು ನಾನು ಕೇಳಿದ್ದಕ್ಕೆ ಅಕ್ಕ ಬೇಡವೆಂದು ತಲೆಯಾಡಿಸಿದಳು.

ವಾಪಸು ಬರುವಾಗ ಆಟೊದಲ್ಲಿ ಮಗಳು ಕೇಳಿದಳು, "ಅಮ್ಮಾ, ನಿಜ ಹೇಳು. ಮೊಬೈಲ್ ನೋಡ್ತಿದ್ಯಾ?"

"ಇಲ್ಲ ಕಣವ್ವ. ಯಾರೋ ಇಲ್ದಿದ್ದು ಯೋಳವ್ರೆ," ಎಂದಳು ಅಕ್ಕ. ನಾನು ರಸ್ತೆ ನೋಡುತ್ತಾ ಕೂತೆ. ಆ ಯಾರೋ ನಾನೇ ಎಂದು ಅವತ್ತು ಹೇಳಬಹುದಿತ್ತು...

ಮಾರನೆಯ ದಿನ ಮೇಷ್ಟ್ರ ಮನೆಗೆ ಹೋಗಿ ಕೂಗಾಡಿದೆ. ನನ್ನ ತಪ್ಪನ್ನು ಯಾರ ತಲೆಗಾದರೂ ಕಟ್ಟಬೇಕಿತ್ತಲ್ಲ! "ಸಿನಿಮಾ ಬೇರೆ ಮಾಧ್ಯಮ ಅಮ್ಮ, ಬದಲಾವಣೆ ಸಹಜ," ಎಂದರು. ಅವರ ಟೀಪಾಯಿಯ ಮೇಲೆ ಹೊಸ ಮುದ್ರಣ ಬಿದ್ದಿತ್ತು. ಮುಖಪುಟದಲ್ಲಿ ಮೊಬೈಲ್ ಹಿಡಿದ ಹೀರೊಯಿನ್.

ಫ್ಯಾಕ್ಟರಿಯವರಿಗೆ ಇಷ್ಟು ಸಿಕ್ಕಿದ್ದೇ ಸಾಕಾಯಿತು. ಹೊಸಬರಿಗೆ ಸೇಫ್ಟಿ ಟ್ರೈನಿಂಗ್ ಎಂದು ಗೋಡೆಯ ಮೇಲೆ ಆ ದೃಶ್ಯ ಹಾಕಿ ತೋರಿಸಿದರು. ಅದೇ ಸೂಪರ್‌ವೈಸರ್ ಮುಂದೆ ನಿಂತು, "ನೋಡ್ಕೊಳಿ, ನಮ್ಮಲ್ಲೇ ಆಗಿದ್ದು. ಫೋನ್ ಮುಟ್ಟಿದ್ರೆ ಕೈ ಹೋಗುತ್ತೆ," ಎಂದ. ಹುಡುಗಿಯರೆಲ್ಲ ತಿರುಗಿ ನೋಡಿದರು. ಬಾಗಿಲ ಹತ್ತಿರ ಅಕ್ಕ ಪೊರಕೆ ಹಿಡಿದು ನಿಂತಿದ್ದಳು. ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಅಷ್ಟು ವರ್ಷದಲ್ಲಿ ಅವಳು ಆ ಕೈ ಮುಚ್ಚಿಕೊಂಡಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು. ಅದೇ ವಾರ ಕೆಲಸ ಬಿಟ್ಟು ಆನೇಕಲ್ ಕಡೆ ತವರಿಗೆ ಹೊರಟುಹೋದಳು. ಸಾಮಾನು ಕಟ್ಟುವಾಗ ಪುಸ್ತಕ ನನ್ನ ಕೈಗಿಟ್ಟು, "ನಂಗ್ಯಾಕೆ, ಓದಕ್ಕೂ ಬರಲ್ಲ," ಎಂದಳು.

ಹೋದ ವರ್ಷ ಅಕ್ಕ ತೀರಿಕೊಂಡಳು. ಕಿಡ್ನಿ ಹೋಗಿತ್ತಂತೆ. ನನಗೆ ಸುದ್ದಿ ಮುಟ್ಟಿದ್ದೇ ತಡವಾಗಿ. ಹೋಗುವಷ್ಟರಲ್ಲಿ ತಿಥಿಯೂ ಮುಗಿದಿತ್ತು. ಮಗಳು ದೊಡ್ಡವಳಾಗಿದ್ದಾಳೆ, ಡಿಗ್ರಿ ಮುಗಿಸಿದ್ದಾಳೆ, ಮಾತು ಮೆದು. ಅವಳು ಕೊಟ್ಟ ಕಾಫಿ ಹಿಡಿದುಕೊಂಡೇ ಎಲ್ಲವನ್ನೂ ಕಕ್ಕಿಬಿಟ್ಟೆ.

"ನಿಮ್ಮಮ್ಮ ಫೋನ್ ನೋಡ್ತಿರ್ಲಿಲ್ಲ ಕಣಮ್ಮ. ಸೂಪರ್‌ವೈಸರ್ ಬಟನ್‌ಗೆ ಕಡ್ಡಿ ತುರುಕಿದ್ದ, ನಾನೇ ನೋಡಿದೀನಿ. ಸಿನಿಮಾದೋರು ಕೇಳ್ದಾಗ ಫೋನ್ ಬಚ್ಚಿಟ್ಕೊಂಡು ತರ್ತಾರೆ ಅಂದಿದ್ದೂ ನಾನೇ."

ಅವಳು ನನ್ನ ಭುಜ ಸವರಿದಳು. "ಬಿಡಿ ಆಂಟಿ, ಅಮ್ಮನ ಮಾನ ಉಳಿಸೋಕೆ ನೀವು ಯಾಕೆ ಸುಳ್ಳು ಹೇಳ್ತೀರಾ. ಕೊನೇಲಿ ಅಮ್ಮನೇ ಒಪ್ಕೊಂಡ್ರು. 'ಊಂ ಕಣವ್ವ, ಫೋನ್ ನೋಡ್ತಿದ್ದೆ, ನೀನು ಉಷಾರಾಗಿರು' ಅಂದ್ರು. ನಾನು ಯಾವತ್ತೋ ಕ್ಷಮಿಸಿಬಿಟ್ಟಿದೀನಿ."

ಎಷ್ಟು ಸಲ ಕೇಳಿದ್ದಳೋ ಆ ಮಗು, ಎಷ್ಟು ಸಲ ಇಲ್ಲ ಎಂದು ಹೇಳಿ ಸಾಕಾಗಿತ್ತೋ ಅಕ್ಕನಿಗೆ... ಮಾಡದ ತಪ್ಪು ಒಪ್ಪಿಕೊಂಡು, ಮಗಳಿಂದ ಕ್ಷಮೆ ಪಡೆದು ಹೋದಳು. ಮತ್ತೊಂದು ಸಲ ಹೇಳಲು ಬಾಯಿ ತೆರೆದೆ. ಮಗಳು ಅಷ್ಟರಲ್ಲಿ, "ಕಾಫಿ ಆರೋಗ್ತಿದೆ, ಕುಡೀರಿ ಆಂಟಿ," ಎಂದಳು.

ಕುಡಿದೆ.