ಎರಡು ಬುಟ್ಟಿ ಜೋಳ, ಒಂದು ಜನಾಭಿಪ್ರಾಯ

ನನಗೆ ಬರೆಯಲು ಬರುತ್ತಿತ್ತು ಎಂಬ ಒಂದೇ ಕಾರಣಕ್ಕೆ ಒಬ್ಬ ಮುದುಕನ ಸೊಂಟದ ಕೀಲಿಕೈ ಒಮ್ಮೆ ಉಳಿಯಿತು, ಮರುವರ್ಷ ಹೋಯಿತು. ಎರಡೂ ಸಲ ಬರೆದವನು ನಾನೇ. ಬರೆಸಿದವರು ಮಾತ್ರ ಬೇರೆ ಬೇರೆ ಸರಕಾರದವರು.

ನಿಜಾಮರ ಆಡಳಿತದ ಕೊನೆಯ ದಿನಗಳು. ಸುರಪುರ ಸೀಮೆಯ ಒಂದು ಹಳ್ಳಿಯಲ್ಲಿ ನಾನು ಮಾಸ್ತರನಾಗಿದ್ದೆ. ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ, ಸಿಟ್ಟು ಮಾತ್ರ ಬಂದಿತ್ತು. ಶಾಲೆಯ ಪುಸ್ತಕ ಉರ್ದು, ಮಕ್ಕಳ ಬಾಯಿ ಕನ್ನಡ, ನಡುವೆ ನನ್ನ ಬೆತ್ತ. ಊರಿನ ಅರ್ಜಿಯಾಗಲಿ ಕಚೇರಿಯ ಹುಕುಂ ಆಗಲಿ ನನ್ನ ಕೈ ದಾಟಿಯೇ ಹೋಗಬೇಕು, ಬರಬೇಕು. ಅದರಿಂದ ನನಗೆ ಬಹಳ ಸೊಕ್ಕಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಹಕ್ಕಿಗಳಿಗೆ ಹೆಸರಾದ ಬೋನಾಳದ ಕೆರೆಗಿಂತ ಬಹಳ ಸಣ್ಣದಾದ ಒಂದು ಕೆರೆ ನಮ್ಮೂರಿಗಿತ್ತು. ಅಲ್ಲಿಯ ಹಕ್ಕಿಗಳು ಬೇಸರವಾದಾಗ ಇಲ್ಲಿಗೆ ಬರುತ್ತಿದ್ದವು. ಕೆರೆಯ ತೂಬಿನ ಗೂಟಕ್ಕೆ ಸರಪಳಿ ಹಾಕಿ ಬೀಗ ಜಡಿದಿದ್ದರು. ಅದರ ಕೀಲಿಕೈ ಇರುತ್ತಿದ್ದುದು ನೀರಗಂಟಿಯ ಬಳಿ. ಯಾವ ಹೊಲಕ್ಕೆ ಯಾವಾಗ ಎಷ್ಟು ನೀರು ಎಂದು ತೂಬು ತೆಗೆದು ಹಾಕುವವನು ಅವನೇ. ಆಗಿನ ನೀರಗಂಟಿ ಒಬ್ಬ ಮುದುಕ. ಒಂದು ಕಿವಿ ಕೇಳುತ್ತಿರಲಿಲ್ಲ, ಜಗಳಕ್ಕೆ ಬಂದವರ ಕಡೆಗೆ ಅದೇ ಕಿವಿಯನ್ನು ತಿರುಗಿಸುತ್ತಿದ್ದ. ಹೊಲವಿಲ್ಲ, ಹೆಂಡತಿ ತೀರಿಕೊಂಡಿದ್ದಳು. ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದ, ಜಳಕಕ್ಕೂ ಬಿಚ್ಚುತ್ತಿರಲಿಲ್ಲ. ಊರವರು ವರ್ಷ ವರ್ಷವೂ ತನ್ನನ್ನೇ ಬೇಕು ಎನ್ನುತ್ತಾರೆ ಎಂಬುದೊಂದೇ ಅವನಿಗಿದ್ದ ಆಸ್ತಿ.

ಬೇಕು ಎನ್ನುವ ಪದ್ಧತಿ ಹೀಗಿತ್ತು. ದೀಪಾವಳಿ ಮುಗಿದ ಮೇಲೆ ಚಾವಡಿಯಲ್ಲಿ ಬುಟ್ಟಿ ಇಡುತ್ತಿದ್ದರು, ನೀರಗಂಟಿಯ ಕೆಲಸ ಕೇಳಿದವರಿಗೆ ತಲಾ ಒಂದು. ಮನೆಗೊಬ್ಬ ಹಿರಿಯ ಹೆಂಗಸು ಬಂದು ಒಂದು ಬೊಗಸೆ ಜೋಳ ಹಾಕಬೇಕು. ಗಂಡಸರು ಹಾಕುವಂತಿಲ್ಲ, ಯಾಕೆಂದರೆ ಮನೆಯ ಕಾಳು ಅವರ ಕೈಯಲ್ಲಿ ಇರುತ್ತಿರಲಿಲ್ಲ. ಆದರೆ ಜೋಳ ಹಾಕುವುದು ಬೇಕಾದವನಿಗಲ್ಲ, ಬೇಡವಾದವನಿಗೆ. ಬೇಡ ಎಂದ ಮೇಲೆ ಅವನನ್ನು ಬರಿಗೈಯಲ್ಲಿ ಕಳಿಸಬಾರದು ಎಂಬುದು ನಮ್ಮೂರ ಹೆಂಗಸರ ಧರ್ಮ. ಬುಟ್ಟಿ ತುಂಬಿದವನು ಜೋಳ ಹೊತ್ತು ಮನೆಗೆ ಹೋಗುತ್ತಿದ್ದ, ಬುಟ್ಟಿ ಬರಿದಾದವನು ಕೀಲಿಕೈ ಹಿಡಿದು ಕೆರೆಗೆ ಹೋಗುತ್ತಿದ್ದ. ಸೋಲಲೆಂದೇ ನಿಲ್ಲುವವರೂ ಇದ್ದರು. ಒಬ್ಬನಂತೂ ವರ್ಷ ಬಿಡದೆ ಸೋತು ಸೋತು ಮಗಳ ಮದುವೆಯ ಊಟವನ್ನೇ ಮಾಡಿಸಿದ.

ಆ ವರ್ಷ ಮುದುಕನ ಎದುರು ನಿಂತವನು ಅವನ ಅಳಿಯ. ಕೃಷ್ಣಾ ಹೊಳೆಯ ಆಚೆಯ ದಂಡೆಯವನು, ಮುದುಕನ ಒಬ್ಬಳೇ ಮಗಳನ್ನು ಮದುವೆಯಾಗಿ ಇಲ್ಲಿಯೇ ಬೇರೆ ಮನೆ ಮಾಡಿ ಉಳಿದಿದ್ದ. ಕೆಟ್ಟವನೇನಲ್ಲ. ಆದರೆ ಏನು ಕೊಟ್ಟರೂ, 'ನಮ್ಮ ಕಡಿ ಇದರಕಿಂತ ಚಲೋ ಇರತಾವ' ಎನ್ನುವ ಚಟವಿತ್ತು. ನಮ್ಮ ಶೇಂಗಾ ಸಣ್ಣದು, ನಮ್ಮ ಎಮ್ಮೆ ಒರಟು, ನಮ್ಮ ಸೂರ್ಯ ತಡವಾಗಿ ಹುಟ್ಟುತ್ತಾನೆ. ಹೆಂಗಸರು ಅವನ ಬುಟ್ಟಿ ತುಂಬಿಸಿದರು. ಬುಟ್ಟಿ ಸಾಲದೆ ಕಾಳು ನೆಲಕ್ಕೆ ಸುರಿದು ರಾಶಿಯಾಯಿತು. ಮುದುಕನ ಬುಟ್ಟಿಯಲ್ಲಿ ತಳ ಮುಚ್ಚುವಷ್ಟು ಮಾತ್ರ ಬಿದ್ದಿತ್ತು. ಅವನು ಅದನ್ನು ಬಗ್ಗಿ ನೋಡಿ ಕೂಸಿನ ಹಾಗೆ ನಕ್ಕ.

ಮರುದಿನವೇ ಕಚೇರಿಯ ಸಾಹೇಬರು ಕುದುರೆಯ ಮೇಲೆ ಊರೂರು ತಿರುಗುವ ದೌರೆಗೆ ಬಂದರು. ಹೊಳೆಯ ಆಚೆ ಸ್ವಾತಂತ್ರ್ಯ ಬಂದು ಅದು ಭಾರತದ ಯೂನಿಯನ್ ಎನಿಸಿಕೊಂಡಿತ್ತು. ಈಚೆ ನಾವಿನ್ನೂ ನಿಜಾಮರ ಪ್ರಜೆಗಳು. ಯೂನಿಯನ್ನಿಗೆ ಸೇರುವುದೋ, ಬೇರೆಯಾಗಿಯೇ ಉಳಿಯುವುದೋ ಎಂಬ ಮಾತು ಕಕ್ಕೇರಾ ಸಂತೆಯಲ್ಲಿ ಮೆಣಸಿನಕಾಯಿ ಕೊಳ್ಳುವಾಗಲೂ ಕೇಳುತ್ತಿತ್ತು. ಈ ವಿಷಯದಲ್ಲಿ ರೈತರ ಅಭಿಪ್ರಾಯವೇನೆಂದು ತಿಳಿದು ಬರೆಯಬೇಕು, ಆದರೆ ಯಾರನ್ನೂ ಕೇಳಬಾರದು ಎಂದು ಸಾಹೇಬರಿಗೆ ಹುಕುಂ ಬಂದಿತ್ತಂತೆ. ಕೇಳಿದರೆ ತಮಗೂ ಒಂದು ಅಭಿಪ್ರಾಯ ಇರಬಹುದೆಂಬ ಅನುಮಾನ ಜನರಿಗೆ ಬರುತ್ತದೆ ಎಂದು ಅವರೇ ನನಗೆ ಗುಟ್ಟಾಗಿ ಹೇಳಿದರು.

ಚಾವಡಿಯಲ್ಲಿ ಇನ್ನೂ ಎತ್ತಿರದ ಎರಡು ಬುಟ್ಟಿ ಸಾಹೇಬರಿಗೆ ಕಂಡವು. ಏನೆಂದು ಕೇಳಿದರು. ನೀರಗಂಟಿಯ ಚುನಾವಣೆ ಎಂದೆ. ಯಾರು ಯಾರು ನಿಂತಿದ್ದರು? ಒಬ್ಬ ಈ ದಂಡೆಯವನು, ಒಬ್ಬ ಆ ದಂಡೆಯವನು ಎಂದೆ. ಇಷ್ಟೇ ಹೇಳಿ ನಾನು ಬಾಯಿ ಮುಚ್ಚಿಕೊಂಡಿದ್ದರೂ ಸಾಕಿತ್ತು. ಸಾಹೇಬರ ಕಣ್ಣು ಅರಳಿತು. ದೊಡ್ಡ ರಾಶಿ ಯಾರದು? ಆ ದಂಡೆಯವನದು.

ತಮ್ಮ ಛಡಿಯಿಂದ ರಾಶಿಯ ಎತ್ತರ ಅಳೆದರು. ಕುರ್ಚಿ ತರಿಸಿದರು. ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ: ಈ ಗ್ರಾಮದ ಪ್ರಜೆಗಳು ಸ್ಪಷ್ಟವಾಗಿ, ನಿಸ್ಸಂಶಯವಾಗಿ, ಒಕ್ಕೊರಲಿನಿಂದ ಯೂನಿಯನ್ನಿನ ಕಡೆ ವಾಲಿದ್ದಾರೆ. ಆದ್ದರಿಂದ ಚುನಾವಣೆ ರದ್ದು. ಕೀಲಿಕೈ ಜಪ್ತಿ. ಕಚೇರಿಯಿಂದ ಬೇರೊಬ್ಬ ನೀರಗಂಟಿ ಬರುತ್ತಾನೆ.

ಜಪ್ತಿ ಎಂಬ ಮಾತು ಮುದುಕನ ಒಳ್ಳೆಯ ಕಿವಿಗೆ ಬಿತ್ತು. ಎರಡೂ ಕೈಯಿಂದ ಸೊಂಟ ಹಿಡಿದುಕೊಂಡ. ನನ್ನ ಕೈಯೂ ನಿಂತಿತು. ಪದ್ಧತಿಯನ್ನು ವಿವರಿಸಿದೆ. ಸಾಹೇಬರು ನಂಬಲಿಲ್ಲ. ಬೇಡವಾದವನಿಗೆ ಯಾರಾದರೂ ಜೋಳ ಕೊಡುತ್ತಾರೆಯೇ? ಹೆಂಗಸರನ್ನು ಕರೆಸಿದರು. ಯೂನಿಯನ್ನಿನ ಮಾತು ಎತ್ತಬಾರದು, ಬುಟ್ಟಿಯ ಮಾತು ಮಾತ್ರ ಕೇಳಬೇಕು ಎಂದು ನನಗೆ ತಾಕೀತು ಮಾಡಿದರು.

ಮೊದಲನೆಯವಳು, "ಈ ಅಳಿಯ ಯಾ ಕೆಲಸಕ್ಕ ಹೋದ್ರೂ ಮೊದ್ಲ ಕುಂತು ಬೀಡಿ ಸೇದತಾನ್ರಿ. ಬೀಡಿ ಮುಗಿಯೂತನ ನಮ್ಮ ಹೊಲ ಒಣಗಬೇಕೇನ್ರಿ? ಅದಕ್ಕ ಅವಂಗ ಹಾಕೀನಿ" ಎಂದಳು.

ಎರಡನೆಯವಳು ಮುದುಕನ ಬುಟ್ಟಿಗೆ ಹಾಕಿದವಳು. ಹಾಗಾದರೆ ಮುದುಕ ನಿನಗೆ ಬೇಡವೇ ಎಂದು ಕೇಳಿಸಿದರು. "ಅಯ್ಯ, ಯಾಕ ಬ್ಯಾಡ್ರಿ? ಬೇಕ್ರಿ! ಹೆಂಡತಿ ಇಲ್ಲದಂವ, ನಾಕು ದಿನ ರೊಟ್ಟಿ ತಿನ್ನಲಿ ಅಂತ ಹಾಕೀನ್ರಿ. ಅಷ್ಟರಾಗ ಅಂವ ಸೋಲಂಗಿಲ್ಲಂತ ಗೊತ್ತಿತ್ತು."

ಸಾಹೇಬರು ಹಣೆ ಒರೆಸಿಕೊಂಡರು. ಮೂರನೆಯವಳು ಊರಿಗೇ ಹಿರಿಯಳು. ಅವಳು ನನ್ನನ್ನು ಬಿಟ್ಟು ನೇರವಾಗಿ ಅವರಿಗೇ ಹೇಳಿದಳು: "ಸಾಹೇಬ್ರ, ನಿಮ್ಮ ಮನಸಿನಾಗ ಏನೈತಿ ಅಂತ ನಮಗ ತಿಳೀತೈತಿ. ಅದನ್ನ ಕೇಳೂದಿದ್ರ ಅದಕ್ಕ ಬ್ಯಾರೆ ಬುಟ್ಟಿ ಇಡ್ರಿ, ಹಾಕತೀವಿ. ಇದು ನೀರಿನ ಬುಟ್ಟಿ."

ಇದನ್ನು ನಾನು ಉರ್ದುವಿನಲ್ಲಿ ಹೇಳಿದೆ. ಇಷ್ಟು ವರ್ಷದಲ್ಲಿ ನಾನು ಮಾಡಿದ ಒಳ್ಳೆಯ ಅನುವಾದ ಅದೊಂದೇ. ಬೇರೆ ಬುಟ್ಟಿ ಇಡಲು ಸಾಹೇಬರಿಗೆ ಅಧಿಕಾರ ಇರಲಿಲ್ಲ.

ಕೊನೆಗೆ ಅವರಿಗೇ ಹೊಳೆಯಿತು. ರಾಶಿ ಬೇಡವಾದವನದ್ದೇ ಆದರೆ, ಜನರು ಆ ದಂಡೆಯವನನ್ನು ಬೇಡವೆಂದಿದ್ದಾರೆ. ಅಂದರೆ ಯೂನಿಯನ್ ಬೇಡ! ಮೊದಲಿನ ಕಾಗದ ಹರಿದರು. ಹೊಸದು ಬರೆಸಿದರು: ಈ ಗ್ರಾಮದ ಪ್ರಜೆಗಳು ಸ್ಪಷ್ಟವಾಗಿ, ನಿಸ್ಸಂಶಯವಾಗಿ, ಒಕ್ಕೊರಲಿನಿಂದ ಯೂನಿಯನ್ನನ್ನು ತಿರಸ್ಕರಿಸಿದ್ದಾರೆ. ವಿಶೇಷಣ ಒಂದನ್ನೂ ಬದಲಿಸಲಿಲ್ಲ. ಕೀಲಿಕೈ ಮುದುಕನಿಗೇ ಉಳಿಯಿತು. ಜೊತೆಗೆ, ಇವನು ಸರಕಾರದ ಹಿತಚಿಂತಕ ಎಂದು ಒಂದು ಮೊಹರಿನ ಕಾಗದವನ್ನೂ ಕೊಟ್ಟರು. ಓದಲು ಬಾರದ ಮುದುಕ ಅದನ್ನು ಗೋಡೆಯ ಗೂಡಿನಂತಿದ್ದ ದೇವರ ಮಾಡದ ಮೇಲೆ ಅಂಟಿಸಿದ.

ಜೋಳ ಮಾತ್ರ ಪುರಾವೆ ಎಂದು ಚಾವಡಿಯಲ್ಲೇ ಉಳಿಯಿತು. ಕಾಯಲು ಒಬ್ಬ ಚಪರಾಸಿ. ಅಳಿಯ ದಿನಕ್ಕೆರಡು ಸಲ ಬಂದು, "ನಾ ಸೋತಿದ್ದ ಜೋಳ ನನಗ ಕೊಡ್ರಿ" ಎಂದು ಗೋಗರೆಯುತ್ತಿದ್ದ. ಅಷ್ಟರಲ್ಲಿ ಊರ ಕೋಳಿಗಳಿಗೆ ಸುದ್ದಿ ತಿಳಿಯಿತು. ರಾಶಿ ಇಳಿಯತೊಡಗಿತು. ಇದು ಹೀಗೇ ಇಳಿದರೆ ಊರಿನ ರಾಜನಿಷ್ಠೆಯೂ ಇಳಿದಂತಲ್ಲವೇ ಎಂದು ಚಪರಾಸಿಗೆ ಗಾಬರಿ. ಮುದುಕನ ಬುಟ್ಟಿಯ ಜೋಳ ತೆಗೆದು ಅಳಿಯನ ರಾಶಿಗೆ ಸೇರಿಸಿದ. ಅದೂ ಸಾಲದಾದಾಗ ನನ್ನ ಮನೆಯಿಂದ ಎರಡು ಸೇರು ಕಡ ಕೇಳಿದ. ಹಾಗೆ ಯೂನಿಯನ್ನಿನ ವಿರುದ್ಧ ನನ್ನ ಎರಡು ಸೇರು ಜೋಳವೂ ಬಿತ್ತು. ಕಚೇರಿಯಿಂದ ರಾಶಿ ಬಿಡುವ ಹುಕುಂ ಬಂದ ಮೇಲೆ ಅಳಿಯ ಅದನ್ನೆಲ್ಲ ಹೊತ್ತು ಮನೆಗೆ ಹೋದ.

ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಯೂನಿಯನ್ನಿನ ಸೈನ್ಯ ಬಂತು, ನಿಜಾಮರ ಸರಕಾರ ಹೋಯಿತು. ನಡುವಿನ ತಿಂಗಳುಗಳಲ್ಲಿ ಸುತ್ತಮುತ್ತ ನಡೆದದ್ದು ನಗುವಂಥದಲ್ಲ, ಅದನ್ನಿಲ್ಲಿ ಬರೆಯುವುದಿಲ್ಲ. ಆದರೆ ಆಗ ಎಲ್ಲರಿಗೂ ಒಂದು ಮಾತು ಗೊತ್ತಿತ್ತು. ಹಳೆಯ ಸರಕಾರದ ಮನುಷ್ಯ ಎನಿಸಿಕೊಂಡವನು ಎಲ್ಲಿಗೆ ಹೋಗುತ್ತಾನೆ, ಯಾವಾಗ ಬರುತ್ತಾನೆ ಎಂದು ಹೇಳುವವರಿರಲಿಲ್ಲ.

ಹೊಸ ಅಧಿಕಾರಿ ಜೀಪಿನಲ್ಲಿ ಬಂದರು. ಹೊಳೆಯ ಆಚೆಯವರು, ಕನ್ನಡದವರು. ಕೈಯಲ್ಲಿ ಹಳೆಯ ದಫ್ತರ. "ಈ ಊರು ಯೂನಿಯನ್ ಬ್ಯಾಡ ಅಂದಿತ್ತೇನ್ರಿ ಮಾಸ್ತರ? ಇಲ್ಲಿ ಬರದದ ಅಂತ ನಮ್ಮ ಮುನ್ಷಿ ಓದಿ ಹೇಳ್ಯಾನ" ಎಂದರು. ಅಷ್ಟರಲ್ಲಿ ಅವರ ಜೊತೆಯವನೊಬ್ಬ ಮುದುಕನ ಮನೆಯಿಂದ ಆ ಮೊಹರಿನ ಕಾಗದವನ್ನೂ ಕಿತ್ತು ತಂದ. ಮುದುಕನೇ ಒಳಗೆ ಕರೆದು ಹೆಮ್ಮೆಯಿಂದ ತೋರಿಸಿದ್ದನಂತೆ.

"ಇವನ್ನ ಇವತ್ತ ಯಾದಗಿರಿಗೆ ಕಳಸ್ರಿ. ವಿಚಾರಣೆ ಅಲ್ಲೇ ಆಗಲಿ" ಎಂದರು ಅಧಿಕಾರಿ.

ಪದ್ಧತಿಯನ್ನು ಹೇಳಬಹುದಿತ್ತು. ಅದು ನೀರಿನ ಬುಟ್ಟಿ ಎನ್ನಬಹುದಿತ್ತು. ಆದರೆ ಬರಹದಲ್ಲಿದ್ದುದು ನನ್ನದೇ ಅಕ್ಷರ. ಮುದುಕನಿಗಾಗಿ ಹೆದರಿದೆನೋ ನನಗಾಗಿಯೋ, ಇವತ್ತಿಗೂ ಬಿಡಿಸಲಾಗಿಲ್ಲ. "ಸಾಹೇಬ್ರ, ಆವಾಗ ಹೆದರಿಸಿ ಹಂಗ ಬರಸ್ಯಾರ್ರಿ. ಖರೇ ಅಂದ್ರ ದೊಡ್ಡ ರಾಶಿ ಬಿದ್ದದ್ದು ನಿಮ್ಮ ದಂಡಿಯ ಹುಡುಗಗ. ಊರೆಲ್ಲಾ ಅವನ್ನ ಆರಿಸಿತ್ತು. ಈ ಮುದುಕಗ ಏನೂ ತಿಳಿಯಂಗಿಲ್ರಿ, ಬಿಟ್ಟುಬಿಡ್ರಿ" ಎಂದೆ.

ಅಧಿಕಾರಿಯ ಮುಖ ಅರಳಿತು. ಅಂಥ ಕಾಲದಲ್ಲೂ ಧೈರ್ಯ ಮಾಡಿ ಯೂನಿಯನ್ ಬೇಕೆಂದ ಊರು! ಕೂಡಲೇ ಬರೆಯಲು ಹೇಳಿದರು. ಬರೆದೆ. ಈ ಸಲ ಕನ್ನಡದಲ್ಲಿ. ಮುದುಕನನ್ನು ಬಿಟ್ಟರು. ಗೆದ್ದವನಿಗೆ ಅವನ ಹಕ್ಕು ಸಲ್ಲಬೇಕೆಂದು ಕೀಲಿಕೈ ಬಿಚ್ಚಿಸಿ ಅಳಿಯನ ಕೈಗೆ ಕೊಟ್ಟು, ಹಾರ ಹಾಕಿದರು. ಜನ ಈಗಾಗಲೇ ಅಭಿಪ್ರಾಯ ಹೇಳಿರುವುದರಿಂದ ಆ ವರ್ಷ ಬುಟ್ಟಿ ಇಡುವ ಅಗತ್ಯವಿಲ್ಲ ಎಂದೂ ಹೇಳಿದರು. ಹೆಂಗಸರು ಕುದಿಯುತ್ತಿದ್ದರು. "ಜೋಳನೂ ಅವಂಗ, ಕೀಲಿಕೈನೂ ಅವಂಗೇನು?" ಎಂದು ಒಬ್ಬಳು ಬಾಯಿ ತೆಗೆದಳು. ಮುದುಕನ ಜೀವ ಉಳಿಯಬೇಕಾದರೆ ಸುಮ್ಮನಿರಿ ಎಂದು ನಾನೇ ಬಾಯಿ ಮುಚ್ಚಿಸಿದೆ. ಮುದುಕ ಸೊಂಟದ ಮೇಲೆ ಬರಿಗೈ ಇಟ್ಟುಕೊಂಡು ನಿಂತಿದ್ದ. ಊರು ನಿನ್ನನ್ನು ಬೇಡವೆಂದಿತ್ತು ಎಂದು ಅಧಿಕಾರಿ ಅವನಿಗೆ ನನ್ನ ಕಾಗದವನ್ನು ಗಟ್ಟಿಯಾಗಿ ಓದಿ ಹೇಳಿದರು, ಕೇಳುವ ಕಿವಿಯ ಕಡೆಯಿಂದಲೇ.

ಅದಾದ ಮೇಲೆ ಮುದುಕ ಯಾರ ಮನೆಯಲ್ಲೂ ಉಣ್ಣಲಿಲ್ಲ. ಕರೆದರೆ, "ಉಂಡೀನ್ರಿ" ಎನ್ನುತ್ತಿದ್ದ. ಮಗಳು ಅತ್ತು ಕರೆದಳು, ಅವಳಿಗೂ ಅದೇ ಉತ್ತರ. ಗೆದ್ದವನು ನೀನೇ ಎಂದು ಹೆಂಗಸರು ಹೇಳಿದರೆ, ತನ್ನ ಮೇಲಿನ ಮರುಕಕ್ಕೆ ಹೇಳುತ್ತಾರೆಂದು ನಗುತ್ತಿದ್ದ. ಊರಿನ ಇಷ್ಟು ವರ್ಷದ ನಡತೆಗಿಂತ ನನ್ನ ಒಂದು ಹಾಳೆ ಅವನಿಗೆ ಹೆಚ್ಚಾಗಿತ್ತು.

ಒಂದು ಮಧ್ಯಾಹ್ನ ಮಕ್ಕಳನ್ನು ಬಿಟ್ಟ ಮೇಲೆ ಶಾಲೆಗೆ ಬಂದ. ಹೊಸ್ತಿಲ ಹೊರಗೇ ಕೂತ.

"ಮಾಸ್ತರ್ರ, ನಾ ಗೆದ್ದಿದ್ನೋ, ಸೋತಿದ್ನೋ? ಒಂದು ಮಾತು ಖರೇ ಹೇಳ್ರಿ."

"ಗೆದ್ದಿದ್ದಿ ಮುತ್ಯಾ. ನೀನ ಗೆದ್ದಿದ್ದಿ."

"ಮೊದ್ಲ ಗೆದ್ದೀನಂತ ಬರದ್ರಿ. ಆಮ್ಯಾಲ ಸೋತೀನಂತ ಬರದ್ರಿ. ಎರಡೂ ನಿಮ್ಮ ಕೈ ಬರಹ. ಈಗ ಬಾಯಿಲೆ ಹೇಳಾಕತ್ತೀರಿ. ಬಾಯಿ ಮಾತು ಹೆಂಗ ನಂಬಲ್ರಿ? ಬರದು ಕೊಡ್ರಿ. ಯಾರಿಗೂ ತೋರಸಂಗಿಲ್ಲ. ನನ್ನ ಹತ್ರ ಇರಲಿ."

ತೋರಿಸದೆ ಇರುವವನಲ್ಲ ಅವನು, ಮಾಡದ ಮೇಲೆ ಅಂಟಿಸುವವನು. ಹೊಸ ಅಧಿಕಾರಿಯ ಜೀಪು ಕಣ್ಣ ಮುಂದೆ ಬಂತು, ಯಾದಗಿರಿಯ ದಾರಿ ಕಣ್ಣ ಮುಂದೆ ಬಂತು. ಶಾಯಿ ತೀರಿದೆ ಮುತ್ಯಾ ಎಂದೆ.

ಶಾಯಿಯ ದೌತಿ ನನ್ನ ಮೇಜಿನ ಮೇಲೆ ತುಂಬಿಯೇ ಇತ್ತು. ಅವನು ಅದನ್ನು ನೋಡಿದ. ನನ್ನನ್ನೂ ನೋಡಿದ. "ಹೌದ್ರಿ, ತೀರಿರಬೇಕು" ಎಂದು ಮೆಲ್ಲಗೆ ಎದ್ದು ಹೋದ.